ಇಪ್ಪತ್ತರ ಬಟವಾಡೆ

ತಿಂಗಳಿಗೊಮ್ಮೆ ಸಂಬಳ ಎಣಿಸುವವರಿಗೆ ರಹೀಮೂಳ ಪಾಡು ತಿಳಿಯುವುದಿಲ್ಲ, ಬಿಡಿ. ತಾಂಜಾ ಊರಿನ ಆ ಪ್ಯಾಂಟು ಹೊಲಿಯುವ ಕಾರ್ಖಾನೆಯಲ್ಲಿ ಬಟವಾಡೆ ತಿಂಗಳಿಗೆರಡು ಸಲ. ಐದನೇ ತಾರೀಕು ಸಾವಿರದೈನೂರು ದಿರ್ಹಮ್, ಇಪ್ಪತ್ತಕ್ಕೆ ಇನ್ನೊಂದು ಸಾವಿರದೈನೂರು. ಆದರೆ ಬಾಡಿಗೆ ಮತ್ತು ಸಾಲದ ಕಂತು ಎರಡೂ ಬಾಗಿಲು ಬಡಿಯುತ್ತಿದ್ದದ್ದು ಒಂದನೇ ತಾರೀಕಿಗೆ. ಅದಕ್ಕೇ ಅವಳು ಇಪ್ಪತ್ತರ ದುಡ್ಡನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಹಿಟ್ಟಿನ ಡಬ್ಬದ ಹಿಂದೆ ತಳ್ಳಿ, ಹತ್ತು ದಿನ ಅತ್ತ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಅಂಗಡಿ ಬಾಕಿ, ಕರೆಂಟು, ನೀರು ಎಲ್ಲ ಐದರ ಬಟವಾಡೆಯಲ್ಲಿ ತೀರಬೇಕು. ಹನ್ನೊಂದು ತಿಂಗಳು ಹೀಗೇ ಹಲ್ಲು ಕಚ್ಚಿಕೊಂಡು ನಡೆಸಿದ್ದಳು.

ಸಾಲ ಗುಂಪಿನದು. ಐವರು ಹೆಂಗಸರು, ಒಬ್ಬರಿಗೊಬ್ಬರು ಜಾಮೀನು, ತಿಂಗಳಿಗೆ ತಲಾ ಆರುನೂರು, ಒಟ್ಟು ಹನ್ನೆರಡು ಕಂತು. ಐವರದೂ ಒಂದು ದಿನ ತಪ್ಪದೆ ತೀರಿದರೆ ಮುಂದಿನ ಸಾಲ ಮೂರು ಪಟ್ಟು. ಒಬ್ಬಳು ತಪ್ಪಿದರೂ ಐವರಿಗೂ ಇಲ್ಲ. ಆ ದೊಡ್ಡ ಸಾಲದಲ್ಲಿ ರಹೀಮೂ ಬಟ್ಟೆಯ ಅಂಚು ಹೊಲಿಯುವ ಒಂದು ಓವರ್‌ಲಾಕ್ ಮಷಿನ್ ಕೊಳ್ಳುವವಳಿದ್ದಳು. ಮನೆಯಲ್ಲೇ ಕೂತು ಹೊಲಿಯುತ್ತೇನೆ, ಬಚ್ಚಲಿಗೆ ಹೋಗಲೂ ಮೇಸ್ತ್ರಿಯ ಮುಖ ನೋಡಬೇಕಾದ ಆ ಹಾಳು ಕಾರ್ಖಾನೆಗೆ ದೊಡ್ಡ ನಮಸ್ಕಾರ ಹಾಕುತ್ತೇನೆ ಎಂದು ವರ್ಷವಿಡೀ ಜಪಿಸಿದ್ದಳು. ಇನ್ನು ಉಳಿದದ್ದು ಒಂದೇ ಕಂತು. ಆದರೆ ಗುಂಪಿನ ಯಜಮಾನಿ ಎಂದರೆ ರಹೀಮೂಳ ಗಂಡನ ಅಕ್ಕ, ಎದುರು ಮನೆಯ ಫತ್ತೂಮ. ಇವರಿಬ್ಬರಿಗೂ ಮದುವೆಯ ದಿನದಿಂದಲೇ ಎಣ್ಣೆ ಸೀಗೆಕಾಯಿ.

ಹೋದ ವರ್ಷದ ಕುರ್ಬಾನಿಯ ದೊಡ್ಡ ಹಬ್ಬಕ್ಕೆ ರಹೀಮೂಳ ಮನೆಯಲ್ಲಿ ಟಗರು ಕಡಿಯಲಿಲ್ಲ. ಫತ್ತೂಮ ಒಂದು ಮುಂಗಾಲು ಕಳಿಸಿದಳು. ಕಳಿಸಿದ್ದು ಒಂದು ಸಲ, ಓಣಿಗೆಲ್ಲ ಹೇಳಿಕೊಂಡದ್ದು ವರ್ಷಪೂರ್ತಿ. ಈ ವರ್ಷ ಹಬ್ಬಕ್ಕೆ ವಾರ ಇರುವಾಗ, ಓಣಿಯ ಹೆಂಗಸರೆಲ್ಲ ಹಿಟ್ಟಿನ ಹಲಗೆ ಹೊತ್ತು ರೊಟ್ಟಿ ಸುಡಿಸಲು ಸೇರುವ ಒಲೆಯ ಹತ್ತಿರ ಮತ್ತೆ ಬಾಯಿ ಬಿಟ್ಟಳು.

"ಏನೇ ರಹೀಮೂ, ಈ ಸಲಾನೂ ನಮ್ಮನೆ ಕಾಲಿಗೇ ಕಾಯ್ತೀಯೋ, ಇಲ್ಲ ನೀವೂ ಏನಾದ್ರೂ ಕಟ್ತೀರೋ? ಬೇಗ ಹೇಳಮ್ಮ, ನಾನು ಪಾಲು ಹಾಕ್ಬೇಕು."

"ಕಟ್ತೀವಿ ಅತ್ತಿಗೆ. ನಿಮ್ಮ ಕಾಲು ನಿಮ್ಮನೇಲೇ ಇರ್ಲಿ."

"ಅಯ್ಯೋ ಕಟ್ಟಿ, ಕಟ್ಟಿ! ಟಗರು ಸಿಗದಿದ್ರೆ ಬೆಕ್ಕಾದ್ರೂ ಸಿಗುತ್ತೆ."

ಹೆಂಗಸರೆಲ್ಲ ಕಿಸಕ್ಕೆಂದರು. ರಹೀಮೂಳ ಮೈಯೆಲ್ಲ ಉರಿದುಹೋಯಿತು.

ಟಗರಿಗೆಂದೇ ಅವಳು ವರ್ಷವಿಡೀ ಚಿಲ್ಲರೆ ಕೂಡಿಸಿದ್ದಳು. ಎರಡು ಸಾವಿರದ ಇನ್ನೂರಾಗಿತ್ತು, ಸಣ್ಣದೊಂದಕ್ಕೆ ಸಾಕು. ಅಷ್ಟರಲ್ಲಿ ಕಾರ್ಖಾನೆಯವರು, ಹಬ್ಬ ಹದಿನಾರಕ್ಕೆ ಬಿದ್ದಿತ್ತು ನೋಡಿ, ಇಪ್ಪತ್ತರ ಬಟವಾಡೆಯನ್ನು ಹನ್ನೆರಡಕ್ಕೇ ಕೊಟ್ಟುಬಿಟ್ಟರು. ಹಬ್ಬ ಬಂದರೆ ಪ್ರತಿ ವರ್ಷವೂ ಹೀಗೇ. ಅದು ತಾವು ದುಡಿದ ದುಡ್ಡೇ, ಎಂಟು ದಿನ ಮುಂಚೆ ಬಂದಿದೆ ಅಷ್ಟೆ ಎಂದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಪ್ರತಿ ವರ್ಷವೂ ಎಲ್ಲರೂ ಅದನ್ನು ಹಬ್ಬದ ಉಡುಗೊರೆ ಸಿಕ್ಕಿದ ಹಾಗೆ ಹಿಡಿದುಕೊಂಡು ಓಡುತ್ತಾರೆ. ಕಾರ್ಖಾನೆಯ ಗೇಟಿನಾಚೆಗೇ ಕುರಿ ಲಾರಿಗಳು ನಿಂತಿರುತ್ತವೆ. ವ್ಯಾಪಾರಿಗಳು ಇವರಿಗಿಂತ ಬುದ್ಧಿವಂತರು.

ಗಂಡ ಅಲ್ಲಾಲ ಗೋಡೆಗೆ ಬಣ್ಣ ಬಳಿಯುವವನು, ಜಗಳ ಕಂಡರೆ ಪಕ್ಕದ ಓಣಿಗೆ ಹೋಗುವ ಜೀವ. ಅವನು ಲಾರಿಯೊಂದರ ಪಕ್ಕ ನಿಂತು ಕೊಂಬಿಲ್ಲದ ಸಣ್ಣದೊಂದರ ಬೆನ್ನು ತಡವುತ್ತಿದ್ದ. ರಹೀಮೂಳ ಕಣ್ಣು ಆಚೆ ನಿಂತಿದ್ದ, ಎರಡು ಸುತ್ತು ಕೊಂಬಿನ, ಕರುವಿನ ಗಾತ್ರದ ಟಗರಿನ ಮೇಲೆ ಬಿತ್ತು. ಮೂರು ಸಾವಿರದ ಏಳುನೂರು ಅಂದ ವ್ಯಾಪಾರಿ.

"ಬೇಡ ಕಣೇ," ಅಂದ ಅಲ್ಲಾಲ. "ಕೈಲಿರೋದು ಇಪ್ಪತ್ತರ ದುಡ್ಡು. ಮುಂದಿನ ಬಟವಾಡೆ ಐದಕ್ಕೆ. ಮಧ್ಯೆ ಒಂದನೇ ತಾರೀಕು ಬರುತ್ತೆ."

"ನಿಮ್ಮಕ್ಕ ಬೆಕ್ಕು ಅಂದಾಗ ಎಲ್ಲಿ ಹೋಗಿತ್ತು ಈ ಲೆಕ್ಕ?"

"ಅವಳು ಅಂದ್ರೆ ಅನ್ಲಿ, ಬಿಡು."

"ಬಿಡ್ತೀನಿ. ಇದನ್ನ ಅವಳ ಬಾಗಿಲ ಮುಂದೆ ಎರಡು ಸಲ ಓಡಾಡಿಸಿ ಆಮೇಲೆ ಬಿಡ್ತೀನಿ. ನೀವು ನಾಲ್ಕು ಗೋಡೆ ಬಳಿದ್ರೆ ಒಂದನೇ ತಾರೀಕು ತಾನಾಗೇ ದಾಟುತ್ತೆ. ಹಗ್ಗ ಹಿಡೀರಿ!"

ಹೇಳಿದಂತೆ ಓಡಾಡಿಸಿದಳು, ಎರಡಲ್ಲ, ಮೂರು ಸಲ. ಫತ್ತೂಮ ಕಿಟಕಿಯಲ್ಲಿ ನಿಂತು ನೋಡಿದಳು, ಕಿಟಕಿ ಹಾಕಿಕೊಂಡಳು. ರಹೀಮೂಗೆ ಜನ್ಮದಲ್ಲಿ ಅಂಥ ಸುಖ ಸಿಕ್ಕಿರಲಿಲ್ಲ. ಹಬ್ಬದ ಮರುದಿನ ಒಂದಿಡೀ ಹಿಂಗಾಲನ್ನು ತಟ್ಟೆಯಲ್ಲಿಟ್ಟು, ಮೇಲೆ ಬಟ್ಟೆಯನ್ನೂ ಮುಚ್ಚದೆ, ಓಣಿಯೆಲ್ಲ ನೋಡುವಂತೆ ಫತ್ತೂಮಳ ಮನೆಗೆ ಕಳಿಸಿದಳು.

ಆಮೇಲೆ ದಿನಗಳು ನಡೆಯಲೇ ಒಲ್ಲವು. ಹಬ್ಬಕ್ಕೆಂದು ಹಳ್ಳಿಗೆ ಹೋದ ಗಾರೆಯವರು ತಿರುಗಿ ಬರಲಿಲ್ಲ, ಗೋಡೆ ಏಳದೆ ಬಣ್ಣದವನಿಗೆ ಏನು ಕೆಲಸ? ಅಲ್ಲಾಲ ಬ್ರಷ್ಷು ನೆನೆಹಾಕಿಕೊಂಡು ಕೂತ. ರಹೀಮೂ ಕಾರ್ಖಾನೆಯಲ್ಲಿ ಸಾಲುಸಾಲಾಗಿ ಕೇಳಿಕೊಂಡು ಬಂದಳು. ಯಾರ ಹತ್ತಿರ ಇರುತ್ತೆ? ಎಲ್ಲರೂ ಇಪ್ಪತ್ತರ ಬಟವಾಡೆಯನ್ನು ಹದಿನಾರಕ್ಕೇ ತಿಂದು ಕೈ ತೊಳೆದಿದ್ದರು. ಮನೆಯ ಮಾಲೀಕ ಬಾಯಿಗೆ ಬಂದಂತೆ ಬೈದು, ಐದರವರೆಗೆ ತಡೆಯುತ್ತೇನೆ ಅಂದ. ಸಾಲದ ಕಚೇರಿಯಲ್ಲಿ ಬೈಯುವುದೂ ಇಲ್ಲ, ತಡೆಯುವುದೂ ಇಲ್ಲ.

ಒಂದನೇ ತಾರೀಕು ಬೆಳಿಗ್ಗೆ ಫತ್ತೂಮಳ ಮನೆಗೇ ಹೋಗಬೇಕಾಯಿತು. ಗುಂಪಿನ ಉಳಿದ ಮೂವರೂ ಪುದೀನ ಚಹಾ ಕುಡಿಯುತ್ತ, ಕಚೇರಿಗೆ ಹೊರಡಲು ಸಿದ್ಧರಾಗಿ ಕೂತಿದ್ದರು.

"ಅತ್ತಿಗೆ, ಆರುನೂರು ಬೇಕು. ಐದಕ್ಕೆ ಬಟವಾಡೆ ಆಗುತ್ತೆ, ಮನೆಗೂ ಹೋಗದೆ ನೇರ ಇಲ್ಲಿಗೇ ತರ್ತೀನಿ."

"ಕೊಂಬು ಮಾರ್ಕೋಬಾರ್ದಿತ್ತಾ?" ಅಂದಳು ಫತ್ತೂಮ.

"ಬೈಯಿರಿ. ದುಡ್ಡು ಕೊಟ್ಟು ಎಷ್ಟು ಬೇಕೋ ಅಷ್ಟು ಬೈಯಿರಿ."

"ಕೊಡ್ತೀನಿ. ನಿನ್ನ ಶೋಕಿಗೆ ನಾವು ನಾಲ್ಕು ಜನ ಮುಳುಗ್ಬೇಕಾ?" ಎಂದು ಎದೆಯೊಳಗಿಂದ ಚೀಲ ತೆಗೆದು, ಮೂವರಿಗೂ ಕೇಳಿಸುವಂತೆ ಒಂದು, ಎರಡು, ಮೂರು ಎಂದು ಆರು ನೋಟು ಎಣಿಸಿದಳು. ರಹೀಮೂಳ ಕೈಗೆ ಕೊಡಲಿಲ್ಲ. ತಾನೇ ಕಚೇರಿಯಲ್ಲಿ ಕಟ್ಟಿ, ರಸೀದಿಯನ್ನು ತಾನೇ ಇಟ್ಟುಕೊಂಡಳು. ಆದರೂ ರಹೀಮೂ ನಿಟ್ಟುಸಿರು ಬಿಟ್ಟಳು. ಹೆಂಗಸು ಬಾಯಿಬಡುಕಿಯಾದರೂ ಮನಸ್ಸು ಕೆಟ್ಟದ್ದಲ್ಲ ಎಂದು ಅಲ್ಲಾಲನ ಮುಂದೆ ಹೇಳಿಯೂ ಹೇಳಿದಳು. ದಡ್ಡಿ!

ಐದಕ್ಕೆ ಬಟವಾಡೆಯ ಲಕೋಟೆ ಒಡೆದು ಆರುನೂರನ್ನು ತಂದಿಟ್ಟಳು. ಫತ್ತೂಮ ಎರಡು ಸಲ ಎಣಿಸಿದಳು.

"ಹೊಸ ಸಾಲಕ್ಕೆ ಯಾವಾಗ ಸಹಿ ಹಾಕ್ಬೇಕು ಅತ್ತಿಗೆ?"

"ನಾವು ನೆನ್ನೆ ಹಾಕಿ ಬಂದ್ವಿ. ನಿನ್ನ ಜಾಗಕ್ಕೆ ಮೂಲೆಮನೆ ಝುಹ್ರಾನ ತಗೊಂಡ್ವಿ."

"ನನ್ನ ಕಂತು ತಪ್ಪಿಲ್ಲ! ಹನ್ನೆರಡೂ ಕಟ್ಟಿದೀನಿ!"

"ಹನ್ನೊಂದು ನೀನು ಕಟ್ಟಿದ್ದು. ಹನ್ನೆರಡನೇದು ನಾನು ಕಟ್ಟಿದ್ದು. ಮೂರು ಜನ ಕಣ್ಣಾರೆ ನೋಡಿದಾರೆ. ನಿಂಗೆ ಇನ್ನೊಂದ್ಸಲ ಯಾರೇ ಜಾಮೀನು ನಿಲ್ತಾರೆ?"

"ಬೇಕಂತಲೇ ಮಾಡಿದೀಯ! ಅವರ ಮುಂದೆ ಎಣಿಸಿದ್ದು ಇದಕ್ಕೇ!"

"ಹೌದು, ಬೇಕಂತಲೇ. ನನ್ನ ಬಾಗಿಲ ಮುಂದೆ ಮೂರು ಸಲ ಮೆರವಣಿಗೆ ಮಾಡಿದ್ಯಲ್ಲ, ನಾನೇನು ಕುರುಡೀನಾ? ನೀನು ಕಳಿಸಿದ ಕಾಲು ನಾಯಿಗೆ ಹಾಕ್ದೆ, ಅದನ್ನೂ ತಿಳ್ಕೋ."

ಬೀದಿಯಲ್ಲಿ ನಿಂತು ರಹೀಮೂ ಗಂಟಲು ಹರಿಯುವಂತೆ ಕೂಗಾಡಿದಳು. ಅವಳ ಹೊಟ್ಟೆಗೆ ಬೆಂಕಿ ಬೀಳಲಿ, ಅವಳ ಮನೆ ಹಾಳಾಗಲಿ ಎಂದಳು. ಓಣಿ ಬಾಗಿಲಿಗೆ ಬಂದು ಕೇಳಿಸಿಕೊಂಡು ಒಳಗೆ ಹೋಯಿತು. ಬೇರೆ ಗುಂಪು ಕಟ್ಟಲು ಮನೆಮನೆ ಹತ್ತಿ ಇಳಿದಳು. ಎಲ್ಲರೂ ಚಹಾ ಕೊಟ್ಟರು, ಯಾರೂ ಹೆಸರು ಕೊಡಲಿಲ್ಲ. ರಾತ್ರಿ ಅಲ್ಲಾಲ ಗೋಡೆ ಕಡೆ ತಿರುಗಿ ಮಲಗುತ್ತಿದ್ದ. ನಾನು ಆಗಲೇ ಹೇಳಿದ್ದೆ ಎಂದು ಅವನು ಅಂದಿದ್ದರೆ ಅವಳಿಗೆ ಜಗಳಕ್ಕಾದರೂ ಒಬ್ಬ ಸಿಗುತ್ತಿದ್ದ.

ಒಂದೂವರೆ ತಿಂಗಳ ಮೇಲೆ ಎದುರು ಮನೆಯ ಮುಂದೆ ಕೈಗಾಡಿ ನಿಂತಿತು. ಇಳಿದದ್ದು ಓವರ್‌ಲಾಕ್ ಮಷಿನ್. ಅವಳು ವರ್ಷವಿಡೀ ಅಂಗಡಿಯ ಗಾಜಿನಾಚೆಯಿಂದ ನೋಡಿದ್ದಂಥದ್ದೇ. ನಾಲ್ಕು ದಿನ ಅದು ಕಿರ್ ಅಂದು ನಿಲ್ಲುವುದು, ಕಿರ್ ಅಂದು ನಿಲ್ಲುವುದು ಕೇಳುತ್ತಿತ್ತು. ಐದನೆಯ ದಿನ, ಭಾನುವಾರ, ಫತ್ತೂಮ ಬಾಗಿಲಲ್ಲಿ ನಿಂತು ಕರೆದಳು.

"ಬಾರೇ ಇಲ್ಲಿ. ನಾಲ್ಕು ನೂಲು ಎಲ್ಲೆಲ್ಲಿ ಪೋಣಿಸ್ಬೇಕೋ ನಂಗೂ ಗೊತ್ತಾಗಲ್ಲ, ಝುಹ್ರಾಗೂ ಗೊತ್ತಾಗಲ್ಲ. ನೀನು ಬಂದು ಹೊಲಿ. ಕಾರ್ಖಾನೆಯವರು ಕೊಡೋ ಮೂರು ಸಾವಿರಾನೇ ನಾನೂ ಕೊಡ್ತೀನಿ. ಆದ್ರೆ ಹದಿನೈದು ದಿನಕ್ಕೊಂದು ಬಟವಾಡೆಯ ತಲೆನೋವೆಲ್ಲ ನಂಗೆ ಬೇಡ. ತಿಂಗಳಿಗೊಮ್ಮೆ."

ಹೊಸ್ತಿಲಲ್ಲಿ ನಿಂತ ರಹೀಮೂಗೆ ಅವಳ ಮುಖಕ್ಕೆ ಉಗಿಯಬೇಕೆನಿಸಿತು. ಅಷ್ಟು ದಿನದಿಂದ ಕೂಡಿಸಿಟ್ಟ ಬೈಗುಳವೆಲ್ಲ ಗಂಟಲವರೆಗೆ ಬಂದು ನಿಂತಿತ್ತು. ಈ ಹೆಂಗಸನ್ನು ದ್ವೇಷಿಸಿದಷ್ಟು ಅವಳು ಮೇಸ್ತ್ರಿಯನ್ನೂ ದ್ವೇಷಿಸಿರಲಿಲ್ಲ. ಬಾಯಿ ತೆರೆದಳು.

"ಯಾವ ತಾರೀಕಿಗೆ?" ಅಂದಳು.

ಫತ್ತೂಮ ನಕ್ಕಳು. "ಒಂದನೇ ತಾರೀಕು, ಬೆಳಿಗ್ಗೆ."

ರಹೀಮೂ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಕೂತು, ಸೂಜಿಗೆ ನೂಲು ಪೋಣಿಸಿದಳು.