ಹದಿನೇಳನೆಯವಳ ಧ್ವನಿ

"ಜಡ್ಜಮ್ಮ, ಮುಂದೆ ಬಂದು ಕೂತ್ಕೊ. ಇವತ್ತು ನಿನ್ನ ಆರೋಪಿನೇ ಮಾತಾಡ್ತಾಳೆ," ಎಂದರು ಮೇಷ್ಟ್ರು, ಲ್ಯಾಪ್‌ಟಾಪಿನ ತಂತಿಯನ್ನು ಸ್ಪೀಕರಿಗೆ ಸಿಕ್ಕಿಸುತ್ತ. ತರಗತಿ ಗೊಳ್ಳೆಂದಿತು. ಅವಳೂ ನಗುತ್ತಲೇ ಪುಸ್ತಕ ಎತ್ತಿಕೊಂಡು ಮೊದಲ ಬೆಂಚಿಗೆ ಬಂದಳು.

ಆ ಅಡ್ಡಹೆಸರು ಅವಳಿಗೆ ಸುಮ್ಮನೆ ಬಂದಿರಲಿಲ್ಲ. ಅಮೆರಿಕದ ಸಮಾಜ ಮತ್ತು ಸಂಸ್ಕೃತಿಯ ಎಂ.ಎ. ತರಗತಿಯಲ್ಲಿ ಇದ್ದವರು ಹನ್ನೊಂದು ಜನ. ಒಬ್ಬರೂ ಆ ದೇಶದ ಮಣ್ಣು ಮೆಟ್ಟಿದವರಲ್ಲ. ಆದರೂ ಅಲ್ಲಿಯ ಜನ ನಾಯಿಯ ಹುಟ್ಟುಹಬ್ಬ ಯಾಕೆ ಮಾಡುತ್ತಾರೆ, ಹೆತ್ತವರ ಮನೆಗೆ ಹೋಗುವಾಗಲೂ ಫೋನ್ ಮಾಡಿಯೇ ಯಾಕೆ ಹೋಗುತ್ತಾರೆ ಎಂಬುದನ್ನೆಲ್ಲ ಅರೆದು ಕುಡಿದವರಂತೆ ಮಾತಾಡುತ್ತಿದ್ದರು. ಬೇರೆಯವರು 'ಇರಬಹುದು', 'ಅನ್ನಿಸುತ್ತದೆ' ಎಂದು ರಾಗ ಎಳೆಯುವಷ್ಟರಲ್ಲಿ ಇವಳು ತೀರ್ಪು ಕೊಟ್ಟು ಕೂತುಬಿಟ್ಟಿರುತ್ತಿದ್ದಳು.

ಈ ಸಲ ಅವರ ಪಾಲಿಗೆ ಬಂದದ್ದು ಸಂದರ್ಶನಗಳ ಒಂದು ದಪ್ಪ ಕಟ್ಟು. ಅಮೆರಿಕದ ಮನೆಗಳಲ್ಲಿ ಮುದುಕ ಮುದುಕಿಯರ ಆರೈಕೆಗೆ ನಿಂತ ಹೊರದೇಶದ ಹೆಂಗಸರನ್ನು ಹದಿನೈದಿಪ್ಪತ್ತು ವರ್ಷದ ಹಿಂದೆ ಅಲ್ಲಿಯ ಸಂಶೋಧಕರು ಮಾತಾಡಿಸಿ ಬರೆದಿಟ್ಟದ್ದು. ಹೆಸರಿಲ್ಲ, ಊರಿಲ್ಲ, ದೇಶವೂ ಇಲ್ಲ, ಬರೀ ನಂಬರು. ಒಬ್ಬೊಬ್ಬರು ಒಂದೊಂದು ನಂಬರು ಹಿಡಿದು ಸಾಲುಸಾಲಿಗೂ ಬಣ್ಣ ಬಳಿಯಬೇಕು. ದುಡಿಮೆಯ ಮಾತಿಗೆ ಹಸಿರು, ಸಂಸಾರದ ಮಾತಿಗೆ ಹಳದಿ, ಏನೋ ಮುಚ್ಚಿಡುತ್ತಿದ್ದಾಳೆ ಅನ್ನಿಸಿದ ಕಡೆ ಕೆಂಪು. ಆಮೇಲೆ ಬಣ್ಣಗಳನ್ನು ನೋಡಿಕೊಂಡು ಪ್ರಬಂಧ ಬರೆಯಬೇಕು. ಅವಳು ಆರಿಸಿಕೊಂಡದ್ದು ಹದಿನೇಳು.

ಹದಿನೇಳನೆಯವಳು ಮೂರು ವರ್ಷದ ಕೂಸನ್ನು ಊರಲ್ಲಿ ಬಿಟ್ಟು ಹೋದವಳು. ವರ್ಷದ ಕರಾರು ಮುಗಿದ ಮೇಲೂ ಎರಡು ಸಲ ವಾಪಸಾಗುವುದನ್ನು ತಾನಾಗಿಯೇ ಮುಂದಕ್ಕೆ ಹಾಕಿ, ಮನೆಯವರಿಗೆ ಮಾತ್ರ ಕಾಗದಪತ್ರ ಇನ್ನೂ ಆಗಿಲ್ಲ ಎಂದು ಹೇಳಿದವಳು. ಇವಳು ಪುಟದ ತುಂಬ ಕೆಂಪು ಬಳಿದಳು. 'ಮಗುವನ್ನು ಬಿಟ್ಟು ಹೋದದ್ದು ಬಡತನಕ್ಕೆ, ಬಿಟ್ಟೇ ಇದ್ದದ್ದು ಸುಖಕ್ಕೆ' ಎಂಬರ್ಥದ ಒಂದು ಇಂಗ್ಲಿಷ್ ವಾಕ್ಯ ಅವಳ ಪ್ರಬಂಧದಲ್ಲಿತ್ತು. ಮೇಷ್ಟ್ರು ಅದನ್ನು ಎರಡು ಸಲ ಗಟ್ಟಿಯಾಗಿ ಓದಿ, ಮುಂದಿನ ವಾರದ ವಿಚಾರಸಂಕಿರಣದಲ್ಲಿ ಇದೇ ಮೊದಲು ಎಂದು ಬೆನ್ನು ತಟ್ಟಿದ್ದರು. ಅವಳಿಗೆ ನಾಲ್ಕು ದಿನ ನೆಲ ಕಾಣಲಿಲ್ಲ.

"ಒಂದು ಕಡೆ 'ತನ್ನ ಭಾಷೆಯಲ್ಲಿ ಏನೋ ಹೇಳುತ್ತಾಳೆ' ಅಂತ ಬಿಟ್ಟುಬಿಟ್ಟಿದ್ದಾರಲ್ಲ?" ಎಂದರು ಮೇಷ್ಟ್ರು. "ನನಗೆ ತಲೆ ತಿನ್ನೋಕೆ ಶುರುವಾಯ್ತು. ಅಲ್ಲಿಯವರಿಗೆ ಬರೆದು, ಕಾಡಿ ಬೇಡಿ ಧ್ವನಿ ತರಿಸ್ಕೊಂಡೆ. ಕೇಳಿದ್ರೆ ನಮ್ಮ ಭಾಷೆ ಕಣ್ರಯ್ಯ!"

ಗುಂಡಿ ಒತ್ತಿದರು. ಮೊದಲು ಕುರ್ಚಿ ಎಳೆದ ಸದ್ದು, ಲೋಟ ಇಟ್ಟ ಸದ್ದು. ಆಮೇಲೆ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಮಾತಾಡತೊಡಗಿದಳು. ತೊಡರದ, ಸರಾಗವಾದ ಇಂಗ್ಲಿಷು. ಮುದುಕಿಗೆ ಸ್ನಾನ ಮಾಡಿಸುವುದು ಹೇಗೆ, ಮಲಗಿದವರನ್ನು ಎತ್ತುವಾಗ ಕೈ ಎಲ್ಲಿ ಕೊಡಬೇಕು ಎಂದು ಹೇಳುತ್ತಿದ್ದಳು. ಇವಳು ಪೆನ್ನು ಹಿಡಿದು, ಬರಹದ ಸಾಲಿಗೂ ಧ್ವನಿಗೂ ತಾಳೆ ನೋಡುತ್ತ ಕೂತಳು. ಸಂದರ್ಶಕಿಯ ಪ್ರಶ್ನೆ ಮಗುವಿನತ್ತ ತಿರುಗಿತು. ಧ್ವನಿ ನಿಂತಿತು. ಆಮೇಲೆ ಗಂಟಲು ಸರಿಮಾಡಿಕೊಂಡು, ಮೆಲ್ಲಗೆ, ತನಗೆ ತಾನೇ ಅಂದುಕೊಂಡಿತು:

"ಹೇಳ್ಬಿಡ್ಲಾ? ಹೇಳ್ಬಿಡ್ತೀನಿ. ಇವ್ಳಿಗೆ ಹೇಳಿದ್ರೆ ಯಾರಿಗ್ ಗೊತ್ತಾಗತ್ತೆ."

ಅದು ಅಮ್ಮ.

ಅನುಮಾನಕ್ಕೆ ಎಡೆಯೇ ಇರಲಿಲ್ಲ. ಬೆಳಗೆದ್ದರೆ ಕೇಳುವ ಗಂಟಲು, ಮಾತಿನ ತುದಿಯನ್ನು ನುಂಗಿಕೊಳ್ಳುವ ಅದೇ ರೀತಿ. ಅಮ್ಮನೂ ಅಮೆರಿಕದಲ್ಲಿ ದುಡಿದು ಬಂದವಳೇ, ಆದರೆ ಅಮ್ಮನ ಕಾಗದಪತ್ರ ನಿಜಕ್ಕೂ ತಡವಾಗಿತ್ತೆಂದು ನಂಬಿದ್ದ ಇವಳಿಗೆ ಹದಿನೇಳನೆಯವಳು ಅವಳೇ ಎಂದು ಹೊಳೆದಿರಲಿಲ್ಲ. ಅಮ್ಮ ಇಂಗ್ಲಿಷ್ ಮಾತಾಡಿದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಬ್ಯಾಂಕಿಗೆ ಹೋದರೂ ಅರ್ಜಿಯನ್ನು ಮಗಳ ಕಡೆ ತಳ್ಳಿ 'ನೀನೇ ತುಂಬು, ನಂಗೆಲ್ಲಿ ಬರತ್ತೆ' ಅನ್ನುತ್ತಿದ್ದ ಅಮ್ಮ! ಸುತ್ತ ಹತ್ತು ಜನ ತಮ್ಮ ಭಾಷೆ ಕೇಳಿದ ಖುಷಿಗೆ ಬೆಂಚು ಬಡಿಯುತ್ತಿದ್ದರು.

ಧ್ವನಿ ಮತ್ತೆ ಇಂಗ್ಲಿಷಿಗೆ ಹೊರಳಿತು. ಮೊದಲ ತಿಂಗಳು ಅಳುತ್ತಿದ್ದೆ, ಆಮೇಲೆ ಅಳು ಬರಲಿಲ್ಲ. ನನ್ನದೇ ಒಂದು ಕೋಣೆ ಇತ್ತು. ಯಾರೂ ಕರೆಯುತ್ತಿರಲಿಲ್ಲ. ಭಾನುವಾರ ಮಗು ಫೋನಿನಲ್ಲಿ ಅಳುವಾಗ ಫೋನನ್ನು ಕಿವಿಯಿಂದ ದೂರ ಹಿಡಿಯುತ್ತಿದ್ದೆ. ನಾನು ಚೆನ್ನಾಗಿದ್ದೆ. ಕೇಳಿದ್ದೀರಿ ಅಂತ ಹೇಳುತ್ತಿದ್ದೇನೆ, ನಾನು ತುಂಬಾ ಚೆನ್ನಾಗಿದ್ದೆ.

"ಜಡ್ಜಮ್ಮ ಹೇಳಿದ್ದೇ ಸರಿ ಸಾರ್," ಎಂದು ಹಿಂದಿನ ಬೆಂಚಿನ ಕನ್ನಡಕದವನು ಕೂಗಿದ. "ಸುಖಕ್ಕೇ ಉಳ್ಕೊಂಡಿದ್ದು. ಎಂಥಾ ತಾಯಿನೋ ಮಾರಾಯ!"

"ಏನಂತೀಯಮ್ಮ?" ಮೇಷ್ಟ್ರು ಅವಳತ್ತ ತಿರುಗಿದರು. "ಧ್ವನಿ ಕೇಳಿದ ಮೇಲೆ ತೀರ್ಪು ಬದಲಾಯ್ತೋ, ಗಟ್ಟಿ ಆಯ್ತೋ?"

"ನಾನು ಮನೆಗೆ ಹೋಗ್ಬೇಕು ಸಾರ್," ಎಂದಷ್ಟೇ ಹೇಳಿ, ಪ್ರಬಂಧವನ್ನು ಎದೆಗೆ ಒತ್ತಿಕೊಂಡು ಹೊರಗೆ ಬಂದಳು. ಮೆಟ್ಟಿಲು ಇಳಿದದ್ದು, ಬಸ್ಸು ಹತ್ತಿದ್ದು ಯಾವುದೂ ಅವಳಿಗೆ ಗೊತ್ತಾಗಲಿಲ್ಲ.

ಆ ಭಾನುವಾರಗಳು ಅವಳಿಗೆ ನೆನಪಿದ್ದವು. 'ಕಾಗದಪತ್ರ ಆಗ್ಲಿಲ್ಲ ಪುಟ್ಟಿ, ಆದ ತಕ್ಷಣ ಬರ್ತೀನಿ' ಎಂಬ ಮಾತನ್ನು ನಂಬಿ, ಐದು ವರ್ಷದ ಅವಳು ನೋಟುಬುಕ್ಕಿನ ಖಾಲಿ ಹಾಳೆಗಳನ್ನೆಲ್ಲ ಹರಿದು ಗಂಟು ಕಟ್ಟಿ, ಅಮ್ಮನಿಗೆ ಈ ಕಾಗದ ಕಳಿಸು ಎಂದು ಅಜ್ಜಿಯ ಜೀವ ಹಿಂಡಿದ್ದಳು. ಅಜ್ಜಿ ಆಮೇಲೆ ಅದನ್ನೇ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದಳು. ಇವಳಿಗೆ ಈಗ ಅವಮಾನದಿಂದ ಮೈ ಉರಿಯಿತು. ಆದರೂ ಬಸ್ಸಿಳಿದು ಮನೆ ಮುಟ್ಟುವಷ್ಟರಲ್ಲಿ ಅಮ್ಮನ ಪರವಾಗಿ ಹತ್ತು ನೆಪ ಹುಡುಕಿಟ್ಟುಕೊಂಡಿದ್ದಳು. ಹೀಗೇ ಹೇಳು ಎಂದು ಸಂಶೋಧಕರೇ ಹೇಳಿಕೊಟ್ಟಿರಬೇಕು. ಇಂಗ್ಲಿಷಿನಲ್ಲಿ ತಪ್ಪು ಮಾತು ಬಂದಿರಬೇಕು. ಯಾವುದಾದರೂ ಒಂದನ್ನು ಅಮ್ಮ ಹೇಳಿಬಿಟ್ಟರೆ ಸಾಕು, ಸುಳ್ಳಾದರೂ ಸರಿ, ಕಣ್ಣು ಮುಚ್ಚಿ ನಂಬಿಬಿಡುತ್ತೇನೆ ಅಂದುಕೊಂಡಳು.

ಅಮ್ಮ ವೃದ್ಧಾಶ್ರಮದ ಬೆಳಗಿನ ಪಾಳಿ ಮುಗಿಸಿ ಬಂದು, ಬಿಸಿನೀರಿನ ಟಬ್ಬಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. "ಏನೇ ಇಷ್ಟು ಬೇಗ? ಮುಖ ಯಾಕೆ ಹಂಗಾಗಿದೆ?"

"ಅಮೆರಿಕದಲ್ಲಿದ್ದಾಗ ಯಾರ್ ಹತ್ರಾನೋ ಕೂತ್ಕೊಂಡು ಟೇಪಿಗೆ ಮಾತಾಡಿದ್ಯಾ?"

ಪಾದ ತಿಕ್ಕುತ್ತಿದ್ದ ಕೈ ನಿಂತಿತು. "ಹೆಸರು ಹಾಕಲ್ಲ ಅಂದಿದ್ಲು ಆ ಹುಡುಗಿ."

"ಹಾಕಿಲ್ಲ. ಕ್ಲಾಸಲ್ಲಿ ಕೇಳ್ಸಿದ್ರು."

"ಪೂರ್ತಿನಾ?"

"ಪೂರ್ತಿ."

ಅಮ್ಮ ಟವೆಲ್ಲಿಗೆ ಕೈ ಒರೆಸಿಕೊಂಡಳು, ಒಂದೊಂದೇ ಬೆರಳು. ಮಗಳು ಕಾದಳು. ಅಳು ಬರಲಿಲ್ಲ, ಬೈಗಳೂ ಬರಲಿಲ್ಲ. "ಅದರ ಮೇಲೇನಾ ನೀನು ತಿಂಗಳಿಂದ ಬರೀತಿದ್ದಿದ್ದು? ಕೊಡಿಲ್ಲಿ."

"ಬೇಡಮ್ಮ."

"ಕೊಡು ಅಂದೆ."

ಕೊಟ್ಟಳು. ಅಮ್ಮ ಕನ್ನಡಕ ಏರಿಸಿ, ಮಗಳ ಇಂಗ್ಲಿಷನ್ನು ಎಲ್ಲೂ ತಡವರಿಸದೆ ಓದಿದಳು. ಬಡತನಕ್ಕೆ, ಸುಖಕ್ಕೆ ಎಂಬ ವಾಕ್ಯ ಇದ್ದ ಪುಟದಲ್ಲಿ ಬಹಳ ಹೊತ್ತು ಇದ್ದಳು.

"ಇದು ತಪ್ಪು," ಎಂದಳು ಅಮ್ಮ.

ಅವಳ ಜೀವ ಹಿಂದಕ್ಕೆ ಬಂದಂತಾಯಿತು. "ಹೌದಲ್ವಾ ಅಮ್ಮ? ತಪ್ಪಲ್ವಾ? ನಾ ಅಂದ್ಕೊಂಡೆ—"

"ಎರಡು ಸಲ ಅಂತ ಬರ್ದಿದೀಯ. ಮೂರು ಸಲ ಮುಂದಕ್ಕೆ ಹಾಕಿದ್ದೆ. ಆ ಹುಡುಗಿ ಮುಂದೆ ಮೂರು ಅನ್ನೋಕೆ ನಾಚಿಕೆ ಆಗಿ ಎರಡು ಅಂದೆ." ಅಮ್ಮ ತಲೆ ಎತ್ತಲಿಲ್ಲ. "ತಿದ್ಕೊ."

ಅವಳ ಕೈ ಅಲುಗಲಿಲ್ಲ. ಅಮ್ಮ ಸ್ವಲ್ಪ ಕಾದು, ಮಗಳ ಚೀಲದ ಜೇಬಿನಿಂದ ತಾನೇ ಪೆನ್ನು ತೆಗೆದು, ಎರಡು ಎಂದಿದ್ದ ಕಡೆ ಅಡ್ಡಗೆರೆ ಎಳೆದು ಮೇಲೆ ಮೂರು ಎಂದು ಬರೆದಳು. ಆಮೇಲೆ ಮುಂದಿನ ಪುಟ ತಿರುವಿ, ಮೊದಲ ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದಳು.