ಅಂಚು ಮಡಚುವ ಕೈ

"ಇನ್ನು ನನ್ನ ಕೈಲಾಗಲ್ಲ. ಉಷಿಯಾ, ಬಾಮ್ಮ ಇಲ್ಲಿ. ಅಂಚು ನೀನು ಮಡಚು."

ಅತ್ತೆ ಕರ್ಮೆಲಿನಾ ನಡುಗುವ ಕೈಗಳನ್ನು ಏಪ್ರನ್ನಿಗೆ ಒರೆಸಿಕೊಂಡು ಕುರ್ಚಿಗೊರಗಿದಳು. ಒಲೆಯಿಂದ ಬಾಣಲೆ ಇಳಿಸುತ್ತಿದ್ದ ಹಿರಿಸೊಸೆ ದೊಸಿಂದಾ ನಿಂತಲ್ಲೇ ನಿಂತಳು.

ಈ ಮನೆಗೆ ಬಂದಾಗಿನಿಂದ ಎಂಪನಾದಕ್ಕೆ, ಮೀನಿನ ಹೂರಣ ತುಂಬಿ ಬೇಯಿಸುವ ಆ ದೊಡ್ಡ ರೊಟ್ಟಿಗೆ, ಈರುಳ್ಳಿ ಹೆಚ್ಚಿ ಕಣ್ಣೀರು ಸುರಿಸಿದವಳು ಅವಳು. ಉಪ್ಪುಮೀನು ನೆನೆಹಾಕಿ ಮುಳ್ಳು ಬಿಡಿಸಿದವಳೂ ಅವಳೇ. ಹೂರಣದ ಮೇಲೆ ಹಿಟ್ಟಿನ ಹಾಳೆ ಮುಚ್ಚಿ, ಅಂಚನ್ನು ಹಗ್ಗದಂತೆ ಹೊಸೆಯುವುದು ಮಾತ್ರ ಅತ್ತೆಯ ಸೊತ್ತು. ನೋಯಾ ಊರಿನ ಆ ಬೀದಿಯವರು ಅಂಚು ನೋಡಿಯೇ ಇದು ಯಾರ ಮನೆಯದು ಅನ್ನುತ್ತಿದ್ದರು. ಅತ್ತೆಯ ಕೈ ಸೋತ ದಿನ ಅದು ತನಗೇ ಬರುತ್ತದೆಂದು ದೊಸಿಂದಾ ಕಾದಿದ್ದಳು. ಈಗ ನೋಡಿದರೆ ಮೊನ್ನೆ ಮೊನ್ನೆ ಮದುವೆಯಾಗಿ ಬಂದ ಓರಗಿತ್ತಿಗೆ! ಅವಳು ಬಾಣಲೆಯನ್ನು ಮೇಜಿನ ಮೇಲೆ ಕುಕ್ಕಿದಳು.

"ನನಗೆ ಬರುತ್ತೋ ಇಲ್ವೋ ಅತ್ತೆ..." ಎಂದಳು ಉಷಿಯಾ.

"ಬರದೇ ಏನು? ನೂಲಲ್ಲಿ ಲೇಸು ಹೆಣೆಯೋ ಊರಿನ ಬೆರಳು ನಿಂದು. ದೊಸಿಂದಂದು ಬಿಡು, ದೋಣಿಗೆ ಹುಟ್ಟು ಹಾಕೋ ಕೈ," ಎಂದು ನಗುತ್ತ ಅತ್ತೆ ವೈನ್ ತರಲು ನೆಲಮಾಳಿಗೆಗೆ ಇಳಿದಳು.

ಬಾಣಲೆಯಲ್ಲಿ ಮೀನು, ಈರುಳ್ಳಿ, ಒಣದ್ರಾಕ್ಷಿ ಇನ್ನೂ ಹಬೆಯಾಡುತ್ತಿದ್ದವು. ಪೂರ್ತಿ ಆರದೆ ಹಿಟ್ಟಿಗೆ ಹಾಕಿದರೆ ಅಡಿ ಹಸಿಹಸಿಯಾಗಿ ಹರಿದುಹೋಗುತ್ತದೆ.

"ಅಕ್ಕಾ, ಈಗ್ಲೇ ಹರಡ್ಲಾ?"

"ಹರಡು. ಇನ್ಯಾವಾಗ?" ಎಂದಳು ದೊಸಿಂದಾ, ಸಿಂಕಿನ ಕಡೆ ತಿರುಗಿ.

ಮಧ್ಯಾಹ್ನ ಊಟದ ಮೇಜಿನ ಮೇಲೆ ಎಂಪನಾದ ಬಂದಾಗ ಎಲ್ಲರ ಬಾಯಲ್ಲೂ ಆಹಾ. ಅಂಚು ಅಷ್ಟು ಚೆಂದವಾಗಿತ್ತು. ಅತ್ತೆ ಕತ್ತರಿಸಿ ಒಂದು ತುಂಡು ಎತ್ತಿದಳು. ಅಡಿ ತಟ್ಟೆಗೇ ಅಂಟಿಕೊಂಡಿತು, ಹೂರಣವೆಲ್ಲ ಮೇಜುವಸ್ತ್ರದ ಮೇಲೆ ಬಿತ್ತು.

"ಬಿಸಿ ಬಿಸೀನೇ ತುಂಬಿದ್ರಾ?" ಅತ್ತೆ ನೋಡಿದ್ದು ದೊಸಿಂದಾಳನ್ನು. "ಪಕ್ಕದಲ್ಲೇ ಇದ್ಯಲ್ಲೇ, ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?"

ದೊಸಿಂದಾ ಚೆಲ್ಲಿದ ಒಣದ್ರಾಕ್ಷಿಯೊಂದನ್ನು ಬೆರಳಿಂದ ಪಕ್ಕಕ್ಕೆ ಸರಿಸಿದಳು.

"ಅಕ್ಕ ಹೇಳಿದ್ಲು ಅತ್ತೆ, ಆರಲಿ ಅಂತ," ಎಂದಳು ಉಷಿಯಾ. ಅವಳ ಮುಖ ಕೆಂಪಾಗಿತ್ತು. "ನಾನೇ ಅವಸರ ಮಾಡ್ದೆ."

ಅತ್ತೆ ಮೆತ್ತಗಾದಳು. ಕಿರಿಸೊಸೆಯ ಕೆನ್ನೆ ತಟ್ಟಿ, "ಹೋಗ್ಲಿ ಬಿಡು, ಒಪ್ಕೊಂಡ್ಯಲ್ಲ. ಮುಂದಿನ ಭಾನುವಾರವೂ ನೀನೇ ಮಡಚು," ಎಂದಳು.

ಇದರಲ್ಲೂ ಇವಳೇ ಗೆದ್ದಳಲ್ಲ! ಉಷಿಯಾ ಎಲ್ಲರೆದುರು ತನ್ನ ಹೆಸರು ಹೇಳಿ ಅತ್ತಿದ್ದರೂ ಸಹಿಸಬಹುದಿತ್ತು. ನಿಜ ನಾಲಿಗೆಯ ತುದಿಗೆ ಬಂತು. ದೊಸಿಂದಾ ಅದನ್ನು ನುಂಗಿಕೊಂಡಳು.

ಉಷಿಯಾ ಎಲ್ಲರಿಗೂ ಚಮಚ ಹಂಚುತ್ತ ಬಂದು, ಚದುರಿದ್ದನ್ನೇ ಒಂದಿಷ್ಟು ಬಳಿದು ದೊಸಿಂದಾಳ ತಟ್ಟೆಗೂ ಹಾಕಿದಳು.

"ತಿನ್ನಕ್ಕಾ," ಎಂದಳು ಮೆಲ್ಲಗೆ. "ಈಗ ಆರಿದೆ."