ಡ್ರೈವರ್ ತೆಗೆದ ಫೋಟೋಗಳು

ಬಸ್ಸಿನ ಸ್ಟಿಯರಿಂಗ್ ಬಿಟ್ಟು ವರ್ಷಗಳೇ ಕಳೆದಿದ್ದರೂ ಬೀದಿಯವರ ಬಾಯಲ್ಲಿ ಅವನು ಇನ್ನೂ ಡ್ರೈವರ್ರೇ. ಹೆಂಡತಿ ಟೈಲರ್. ಅವಳ ನಾಲಿಗೆ ಅವಳ ಕತ್ತರಿಗಿಂತ ಹರಿತ. ಅಳತೆ ಕೊಡಲು ಬಂದ ಹೆಂಗಸರು ಮೊದಲು ಬೈಸಿಕೊಂಡು, ಆಮೇಲೆ ನಗುತ್ತಾ ಮನೆಗೆ ಹೋಗುತ್ತಿದ್ದರು. ಅಂಥವಳಿಗೆ ಒಂದು ಬೆಳಿಗ್ಗೆ ಹಲ್ಲುಜ್ಜುವಾಗಲೇ ಪಾರ್ಶ್ವವಾಯು ಬಡಿಯಿತು. ಬಲಗೈ ಸ್ವಾಧೀನ ತಪ್ಪಿತು, ಮಾತು ಹೋಯಿತು. ಬಾಯಲ್ಲಿ ಉಳಿದದ್ದು ಒಂದೇ ಪದ: "ಬೇಡ."

ಅವಳು ನೀರು ಬೇಕೆಂದಾಗಲೂ "ಬೇಡ" ಅನ್ನುತ್ತಿದ್ದಳು, ಸಾಕೆಂದಾಗಲೂ "ಬೇಡ" ಅನ್ನುತ್ತಿದ್ದಳು. ಯಾವ ಬೇಡಕ್ಕೆ ಏನು ಅರ್ಥವೆಂದು ತಿಳಿಯದೆ ಡ್ರೈವರ್ ಲೋಟ ಹಿಡಿದುಕೊಂಡು ಅತ್ತಿಂದಿತ್ತ ಓಡಾಡುವುದೇ ಆಯಿತು.

ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವ ಮೇಡಂ ಒಂದು ದಾರಿ ಹೇಳಿದರು. "ಅಮ್ಮನ ತಲೇಲಿ ಎಲ್ಲಾ ಇದೆ, ಬಾಯಿಗೆ ಬರ್ತಿಲ್ಲ ಅಷ್ಟೆ. ಮನೆ ಸಾಮಾನಿನ ಫೋಟೋ ತೆಗೆದು ಒಂದು ಹಲಗೆಗೆ ಅಂಟಿಸಿ. ಬೇಕಾದ್ದನ್ನ ಬೆರಳಿಟ್ಟು ತೋರಿಸ್ತಾರೆ. ಎಲ್ಲಿಂದಲೋ ತಂದ ಚಿತ್ರ ಬೇಡ. ಅವರದೇ ಲೋಟ, ಅವರದೇ ಕನ್ನಡಕ ಇರ್ಲಿ."

ಮಗಳು ಹೊಸದು ಕೊಂಡಾಗ ಬಿಟ್ಟುಹೋದ ಸಣ್ಣ ಡಿಜಿಟಲ್ ಕ್ಯಾಮೆರಾ ಬೀರುವಿನಲ್ಲಿತ್ತು. ಡ್ರೈವರ್ ಅದನ್ನು ಚಾರ್ಜಿಗೆ ಹಾಕಿ, ಒಂದೇ ಮಧ್ಯಾಹ್ನದಲ್ಲಿ ಮನೆಯನ್ನೆಲ್ಲ ಕ್ಲಿಕ್ಕಿಸಿಬಿಟ್ಟ. ಮನೆಯ ಪ್ರಿಂಟರಿನಲ್ಲಿ ಅಚ್ಚು ಹಾಕಿ ಹಲಗೆಗೆ ಅಂಟಿಸಿ, ಪರೀಕ್ಷೆ ಬರೆದು ಬಂದ ಹುಡುಗನ ಹಾಗೆ ಹೆಂಡತಿಯ ಮುಂದೆ ಹಿಡಿದು ನಿಂತ.

ಅವಳು ಎಡಗೈ ಬೆರಳನ್ನು ಫೋಟೋವೊಂದರಲ್ಲಿನ ಬಿಳಿ ಗುಡ್ಡದ ಮೇಲಿಟ್ಟಳು. ಅವನು ದಿಂಬು ತಂದುಕೊಟ್ಟ.

"ಬೇಡ."

ಹಾಗಾದರೆ ಹೊದಿಕೆಯಿರಬೇಕೆಂದು ಅದನ್ನು ತಂದ. "ಬೇಡ! ಬೇಡ!" ಅವಳು ಹಲಗೆಯನ್ನು ತಳ್ಳಿದಳು. ಅದು ದಡಾರನೆ ನೆಲಕ್ಕೆ ಬಿತ್ತು. ಅವಳಿಗೆ ಬೇಕಾಗಿದ್ದದ್ದು ಶಾಲು. ಅದು ತಿಳಿಯುವಷ್ಟರಲ್ಲಿ ಅವಳು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿಯಾಗಿತ್ತು. ಡ್ರೈವರ್ ಹಲಗೆ ಎತ್ತಿಕೊಂಡು ಅಡುಗೆಮನೆಯಲ್ಲಿ ಕೂತು ನೋಡಿದ. ಅವನಿಗೇ ಯಾವುದು ಏನೆಂದು ಗೊತ್ತಾಗಲಿಲ್ಲ. ಲೋಟದ ಜಾಗದಲ್ಲಿ ಒಂದು ಬೆಳಕಿನ ಚುಕ್ಕೆ, ಕನ್ನಡಕದ ಜಾಗದಲ್ಲಿ ಒಂದು ಕರಿ ನೆರಳು. ಮಾತ್ರೆ ಡಬ್ಬಿಯಂತೂ ಮಂಜಿನೊಳಗೆ ಕಳೆದೇಹೋಗಿತ್ತು.

ಮಾರನೆಯ ದಿನ ಪಕ್ಕದ ಮನೆಯಾಕೆಯನ್ನು ಹೆಂಡತಿಯ ಬಳಿ ಕೂರಿಸಿ, ಕ್ಯಾಮೆರಾ ಜೇಬಿಗಿಳಿಸಿ, ಬೀದಿ ಕೊನೆಯ ಸ್ಟುಡಿಯೋಗೆ ಹೋದ. ಸ್ಟುಡಿಯೋ ನಡೆಸುವಾಕೆ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿ ಒಂದೊಂದಾಗಿ ನೋಡಿದಳು. ತುಟಿ ಕಚ್ಚಿ ತಡೆದರೂ ನಗು ಹೊರಬಂತು.

"ನಗಬೇಡಮ್ಮ," ಅಂದ ಡ್ರೈವರ್. "ನನ್ನ ಹೆಂಡತಿ ಮಾತಾಡೋದು ಇನ್ನು ಇದರಲ್ಲೇ."

ಆಕೆಯ ನಗು ಅಲ್ಲಿಗೇ ನಿಂತಿತು. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಅಣ್ಣ, ಎದುರು ಗಾಡಿ ಹೆಡ್‌ಲೈಟ್ ಕಣ್ಣಿಗೆ ಬಿದ್ರೆ ನಿಮಗೆ ರಸ್ತೆ ಕಾಣುತ್ತಾ?"

"ಎಲ್ಲಿ ಕಾಣುತ್ತೆ!"

"ಕ್ಯಾಮೆರಾಕ್ಕೂ ಅದೇ ಗತಿ. ಕನ್ನಡಕದ ಹಿಂದೆ ಕಿಟಕಿ ಇದೆ ನೋಡಿ. ಕಿಟಕಿ ನಿಮ್ಮ ಬೆನ್ನಿಗೋ ಪಕ್ಕಕ್ಕೋ ಇರ್ಲಿ. ಫ್ಲ್ಯಾಶ್ ಆರಿಸಿಬಿಡಿ, ಸ್ಟೀಲ್ ಲೋಟಕ್ಕೆ ಅದು ಶತ್ರು. ಇನ್ನು ಈ ಬಟನ್... ಒಂದೇ ಸಲ ಗುದ್ದಿದೀರಾ?"

"ಮತ್ತೆ?"

"ಅರ್ಧ ಒತ್ತಿ ತಡೀರಿ. ಹಸಿರು ಚೌಕ ಬಂದ ಮೇಲೆ ಪೂರ್ತಿ ಒತ್ತಿ."

"ಅಂದ್ರೆ ಹಾಫ್ ಕ್ಲಚ್!" ಡ್ರೈವರ್ ಮುಖ ಅರಳಿತು. "ಇದನ್ನ ಮೊದಲೇ ಯಾರಾದ್ರೂ ಹೇಳಬಾರದಿತ್ತಾ?"

ಹತ್ತಿರದ ವಸ್ತುವಾದರೆ ಕ್ಯಾಮೆರಾವನ್ನು ಹೂವಿನ ಗುರುತಿಗೆ ಹಾಕಬೇಕೆಂದು ಆಕೆ ತೋರಿಸಿದಳು. ಕೈ ನಡುಗುವವರು ಕ್ಯಾಮೆರಾವನ್ನು ಪುಸ್ತಕದ ಮೇಲಿಟ್ಟು ಟೈಮರ್ ಹಾಕಬೇಕಂತೆ. ಡ್ರೈವರ್ ದಾರಿಯುದ್ದಕ್ಕೂ ಅದನ್ನೇ ಜಪಿಸುತ್ತಾ ಮನೆಗೆ ಬಂದ.

ಕಿಟಕಿಯ ಪಕ್ಕದ ಮೇಜು ಸ್ಟುಡಿಯೋ ಆಯಿತು. ಹಿಂದೆ ಹಾಸಲು ಹೆಂಡತಿಯ ಬಟ್ಟೆಗಂಟಿನಿಂದ ಬೂದುಬಣ್ಣದ ತುಂಡೊಂದನ್ನು ಎಳೆದ. ಪುಸ್ತಕಗಳನ್ನು ಪೇರಿಸಿದ. ಲೋಟವಿಟ್ಟು, ಉಸಿರು ಬಿಗಿಹಿಡಿದು ಕ್ಲಿಕ್ಕಿಸಿದ. ಪರದೆಯಲ್ಲಿ ಲೋಟ ಬಂತು, ಅದರ ಅಂಚಿನ ನೆಗ್ಗು ಸಮೇತ. ಜತೆಗೆ ಲೋಟದ ಹೊಟ್ಟೆಯಲ್ಲಿ ಬನಿಯನ್ ತೊಟ್ಟ ಒಬ್ಬ ಕುಳ್ಳ ಗಂಡಸೂ ಬಂದಿದ್ದ.

"ಇವನ್ಯಾರು ನಡುವೆ?" ಅನ್ನುತ್ತಾ ಅವನು ಪರದೆಯನ್ನು ಹೆಂಡತಿಗೆ ತೋರಿಸಿದ. ಅವಳು ನೋಡಿದಳು. ಬಾಯಿಯ ಎಡ ತುದಿ ಮೇಲೇರಿತು, ಆಮೇಲೆ ಹೆಗಲು ಅಲುಗಿತು. ಕಾಯಿಲೆ ಬಿದ್ದಮೇಲೆ ಅವಳು ನಕ್ಕದ್ದು ಅದೇ ಮೊದಲು. ಡ್ರೈವರ್ ಪುಸ್ತಕ ಸರಿಮಾಡುವ ನೆಪದಲ್ಲಿ ಬಗ್ಗಿದ.

ಅಂದಿನಿಂದ ಅವಳ ಗಾಲಿಕುರ್ಚಿಯೂ ಮೇಜಿನ ಪಕ್ಕಕ್ಕೆ ಬಂತು. ಬಾಚಣಿಗೆ ಸೊಟ್ಟಗಿದ್ದರೆ ಎಡಗೈಯಿಂದ ನೇರ ಮಾಡುವಳು. ಶಾಲನ್ನು ಅವನು ಮುದ್ದೆಯಾಗಿ ಇಟ್ಟರೆ "ಬೇಡ" ಎಂದು ಗದರಿ, ಅಂಚು ಕಾಣುವಂತೆ ಮಡಚಿಸುವಳು. ಹೊಸ ಹಲಗೆ ಸಿದ್ಧವಾದಾಗ ಅವಳು ಶಾಲಿನ ಮೇಲೆ ಬೆರಳಿಟ್ಟಳು, ಶಾಲೇ ಬಂತು. ಕಿಟಕಿಯ ಮೇಲಿಟ್ಟಳು, ಕಿಟಕಿ ತೆರೆಯಿತು. ಗೆದ್ದ ಹುಮ್ಮಸ್ಸಿನಲ್ಲಿ ಅವಳು ಬೇಕಿಲ್ಲದಿದ್ದರೂ ಒಂದೊಂದನ್ನೇ ತೋರಿಸಿದಳು. ಅವನೂ ಗೊಣಗದೆ ಎಲ್ಲವನ್ನೂ ತಂದು ಅವಳ ಮಡಿಲಿಗೆ ಸುರಿದ.

ಆದರೆ ಕೆಲವು ದಿನ ಕಳೆದಮೇಲೆ ಅವಳು ಹಲಗೆಯನ್ನು ಮೇಲಿಂದ ಕೆಳಗೆ ನೋಡಿ ಪಕ್ಕಕ್ಕಿಡತೊಡಗಿದಳು.

"ಏನೇ, ಬೇಕಾದ್ದು ಇದರಲ್ಲಿ ಇಲ್ವಾ?"

ಅವಳು ಕ್ಯಾಮೆರಾದ ಕಡೆ ಕೈ ಚಾಚಿದಳು.

ಗುಂಡಿ ಇರುವುದು ಬಲಗಡೆ, ಅವಳ ಕೈ ನಡೆಯುವುದು ಎಡದ್ದು. ಡ್ರೈವರ್ ತಲೆ ಕೆರೆದುಕೊಂಡ. ಕೊನೆಗೆ ಕ್ಯಾಮೆರಾವನ್ನೇ ತಲೆಕೆಳಗು ಮಾಡಿ ಕೊಟ್ಟ. ಗುಂಡಿ ಅವಳ ಎಡ ಹೆಬ್ಬೆರಳಿಗೆ ಸಿಕ್ಕಿತು. "ಅರ್ಧ ಒತ್ತು, ತಡಿ, ಆಮೇಲೆ ಪೂರ್ತಿ," ಎಂದು ಹೇಳಿ, ಅವಳು ಕೈ ತೋರಿದ ಕಡೆಗೆಲ್ಲ ಕುರ್ಚಿ ತಳ್ಳಿದ. ಅವಳು ನಡುಮನೆ, ಅಡುಗೆಮನೆ ದಾಟಿಸಿ ಮುಂದಿನ ಕೋಣೆಗೆ ಕರೆದೊಯ್ದಳು. ಅಲ್ಲಿ ಹೊಲಿಗೆ ಯಂತ್ರ ಮುಸುಕು ಹೊದ್ದು ನಿಂತಿತ್ತು. ನೋಡಿದರೆ ಅವಳಿಗೆ ನೋವಾದೀತೆಂದು ಅವನೇ ಹೊದಿಸಿದ್ದ ಹಾಸು ಅದು.

ಅವಳು ಕುರ್ಚಿಯ ತೋಳಿಗೆ ಮೊಣಕೈ ಊರಿ, ಉಸಿರು ಹಿಡಿದು ಕ್ಲಿಕ್ಕಿಸಿದಳು.

ಫೋಟೋ ತಲೆಕೆಳಗಾಗಿ ಬಂದಿತ್ತು, ಆದರೆ ಎಲ್ಲೂ ಅಲುಗಿರಲಿಲ್ಲ. ಹಾಸಿನ ಒಂದೊಂದು ನೆರಿಗೆಯೂ ಸ್ಪಷ್ಟ. ಡ್ರೈವರ್ ಅದನ್ನೇ ನೋಡುತ್ತಾ ನಿಂತ.

"ನಾನು ದಡ್ಡ ಕಣೇ," ಅಂದ. "ನಿನಗೆ ಇದನ್ನ ಮುಚ್ಚಿಟ್ಟಿದ್ದೇ ಬೇಜಾರಾಗಿತ್ತಾ?"

ಅವಳು ಹೌದೆಂಬಂತೆ ತಲೆಯಾಡಿಸಿದಳು.

ಹಾಸು ತೆಗೆದ. ಕುರ್ಚಿಯನ್ನು ಯಂತ್ರಕ್ಕೆ ಒತ್ತಿ ನಿಲ್ಲಿಸಿದ. ದಾರ ಪೋಣಿಸುವಷ್ಟರಲ್ಲಿ ಅವನಿಗೆ ಬೆವರು ಕಿತ್ತುಬಂತು. ಅವಳು ಎಡಗೈಯಲ್ಲಿ ಬಟ್ಟೆ ಹಿಡಿದು ಸೂಜಿಯಡಿ ಸರಿಸಿದಳು, ಅವನು ಪಕ್ಕದಲ್ಲಿ ನಿಂತು ಕೈಚಕ್ರ ತಿರುಗಿಸಿದ. ಹೊಲಿಗೆ ಹಾವಿನ ಹಾಗೆ ಸೊಟ್ಟಗೆ ಹರಿಯಿತು.

"ಬೇಡ, ಬೇಡ!" ಅವಳು ಅವನ ಕೈಯ ಮೇಲೆ ಫಟ್ಟನೆ ಹೊಡೆದಳು.

ಈ ಬೇಡದ ಅರ್ಥ ಅವನಿಗೆ ತಕ್ಷಣ ಹೊಳೆಯಿತು. "ಜೋರಾಯ್ತಾ? ಸರಿ, ನಿಧಾನಕ್ಕೆ ತಿರುಗಿಸ್ತೀನಿ ಬಿಡು."

ಅವಳು ಹೊಲಿಗೆ ಬಿಚ್ಚಲೆಂದು ಬಟ್ಟೆಯನ್ನು ಅವನ ಕೈಗಿಟ್ಟಳು. ಅವನು ಕನ್ನಡಕ ಏರಿಸಿ, ಬೆಳಕಿಗೆ ತಿರುಗಿ ಕೂತು, ಒಂದೊಂದೇ ದಾರ ಕೀಳತೊಡಗಿದ.